ಒಂದು ಆಂಟೆನಾ, ಮೂರು ರೇಡಿಯೋ: ಸ್ವಿಚ್ಚಿನ ‘ಆಫ್’ ಅಂದರೆ ಎಷ್ಟು ಆಫ್?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿ ಟೆರೇಸ್ ಮೇಲೆ ಒಂದೇ ಒಂದು ಕಂಬಕ್ಕೆ ಒಪ್ಪಿಗೆ ಕೊಟ್ಟಿದೆ. ಕಂಬ ಒಂದು, ಆಂಟೆನಾ ಒಂದು, ಕೆಳಗಿಳಿಯುವ ಕೇಬಲ್ಲೂ ಒಂದು. ಮೇಜಿನ ಮೇಲೆ ಮಾತ್ರ ಮೂರು ಸಾಮಾನು. ಮಾತಾಡಲು 50 ವ್ಯಾಟಿನ ಡ್ಯುಯಲ್ ಬ್ಯಾಂಡ್ ಮೊಬೈಲ್ ಸೆಟ್. 145.825 ಮೆಗಾಹರ್ಟ್ಸ್‌ನಲ್ಲಿ ಅಂತರಿಕ್ಷ ನಿಲ್ದಾಣದ ಪ್ಯಾಕೆಟ್ (ಡೇಟಾ ಸಂದೇಶ) ಹಿಡಿಯಲು ಒಂದು ಹಳೆಯ ಸೆಟ್. ಬ್ಯಾಂಡಿನಲ್ಲಿ ಏನು ನಡೀತಿದೆ ಅಂತ ನೋಡಲು ಒಂದು ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್. ನಡುವೆ, ಆಂಟೆನಾ ಯಾರಿಗೆ ಅಂತ ಆರಿಸಲು ಒಂದು ಸ್ವಿಚ್ ಪೆಟ್ಟಿಗೆ.

ಹೋದ ತಿಂಗಳು ಡಾಂಗಲ್ ಸತ್ತಿತು. ಆಗ ಸ್ವಿಚ್ಚಿನ ಗುಂಡಿ ಮಾತಿನ ಸೆಟ್ ಕಡೆ ಇತ್ತು, ಡಾಂಗಲ್ ಕಡೆಯ ದಾರಿ ಆಫ್ ಇತ್ತು. ಆದರೂ ಸತ್ತಿತು. ಯಾಕೆ ಅಂತ ತಿಳಿಯಲು ಎರಡು ವಾರ ಹಿಡಿಯಿತು. ತಲೆಯಲ್ಲಿ ಇನ್ನೂ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಹೊಸದಾಗಿ ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದವರಿಗೆ ಉಪಯೋಗಕ್ಕೆ ಬರಲಿ. 50 ಓಮ್, ಎಸ್‌ಡಬ್ಲ್ಯುಆರ್, ಕೋಆಕ್ಸ್ ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಟೀ ಕನೆಕ್ಟರ್ ಬೇಡವೇ ಬೇಡ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಒಂದು ಟೀ ಹಾಕಿ, ಎರಡು ಸೆಟ್ ಸಿಕ್ಕಿಸಿ, ಒಂದನ್ನು ಬಳಸುವಾಗ ಇನ್ನೊಂದನ್ನು ಮುಟ್ಟದಿದ್ದರಾಯಿತು. ಮಾಟುಂಗದಲ್ಲಿ ಉಡುಪಿ ಕಡೆಯ ಹಿರಿಯ ಹ್ಯಾಮ್ ಒಬ್ಬರಿದ್ದಾರೆ. ಅವರನ್ನು ಕೇಳಿದೆ. “ಎಂಥ ಮಾರಾಯ, ಟೀ ಹಾಕ್ಲಿಕ್ಕುಂಟಾ? ಒಂದು ಸೆಟ್ಟಿನ ಬಾಯನ್ನು ಇನ್ನೊಂದರ ಕಿವಿಗೆ ಕಟ್ಟಿದ ಹಾಗೆ ಆಯ್ತದು” ಅಂದರು.

ಲೆಕ್ಕವೂ ಅದನ್ನೇ ಹೇಳುತ್ತದೆ. ಆಂಟೆನಾ 50 ಓಮ್, ಪಕ್ಕದ ರಿಸೀವರ್ 50 ಓಮ್. ಎರಡೂ ಪ್ಯಾರಲೆಲ್ ಆದರೆ 25. ಎಸ್‌ಡಬ್ಲ್ಯುಆರ್ 2 ಆಗುತ್ತದೆ. ಹೊರಟ ಪವರಿನಲ್ಲಿ ಸುಮಾರು ಅರ್ಧ ನೇರ ಪಕ್ಕದ ರಿಸೀವರ್ ಒಳಗೆ ಹೋಗುತ್ತದೆ. ಆ ಸೆಟ್ ಆಫ್ ಇದ್ದರೆ ಪರವಾಗಿಲ್ಲ ಅನ್ನುವುದೂ ತಪ್ಪು. ರಿಲೇ (ಕರೆಂಟ್ ಕೊಟ್ಟಾಗ ಸರಿಯುವ ಸ್ವಿಚ್) ಇರುವ ಬಹಳಷ್ಟು ಸೆಟ್‌ಗಳಲ್ಲಿ ಕರೆಂಟ್ ಇಲ್ಲದಾಗ ರಿಲೇ ರಿಸೀವ್ ಕಡೆಗೇ ಕೂತಿರುತ್ತದೆ. ಅಂದರೆ ಕಿವಿ ತೆರೆದೇ ಇರುತ್ತದೆ.

ಸಿಗ್ನಲ್ಲನ್ನು ಹಂಚುವ ಸ್ಪ್ಲಿಟರ್ ಕೂಡ ರಿಸೀವರ್‌ಗಳ ನಡುವೆ ಮಾತ್ರ. ಟ್ರಾನ್ಸ್‌ಮಿಟ್ ಮಾಡುವ ಸೆಟ್ ಇದ್ದಲ್ಲಿ ಅದರ 20, 30 ಡಿಬಿ ಐಸೋಲೇಶನ್ (ಒಂದು ಕಡೆಯದು ಇನ್ನೊಂದು ಕಡೆ ಸೋರದಂತೆ ತಡೆಯುವ ಅಳತೆ) ಸಾಲದು.

ವ್ಯಾಟ್ ಬಿಟ್ಟು ಡಿಬಿಎಂ ಹಿಡಿಯಿರಿ

ನನಗೆ ತುಂಬಾ ಇಷ್ಟವಾದ ಅಡ್ಡದಾರಿ ಇದು. 1 ಮಿಲಿವ್ಯಾಟ್ ಅಂದರೆ 0 ಡಿಬಿಎಂ. ಹತ್ತು ಪಟ್ಟು ಏರಿದರೆ 10 ಕೂಡಿ, ಅರ್ಧವಾದರೆ 3 ಕಳೆಯಿರಿ. 1 ವ್ಯಾಟ್ 30, 10 ವ್ಯಾಟ್ 40, 100 ವ್ಯಾಟ್ 50. ಅದರ ಅರ್ಧ 50 ವ್ಯಾಟ್, ಅಂದರೆ 47. ಇಷ್ಟು ಬಾಯಿಪಾಠ ಆದರೆ ಸಾಕು.

ಆಮೇಲೆ ಒಂದೇ ಕಳೆಯುವ ಲೆಕ್ಕ. ಹೊರಟ ಡಿಬಿಎಂನಿಂದ ಸ್ವಿಚ್ಚಿನ ಐಸೋಲೇಶನ್ ಕಳೆಯಿರಿ. ಉಳಿದದ್ದು ಪಕ್ಕದ ರಿಸೀವರಿಗೆ ಹೋಗುತ್ತದೆ. ನನ್ನ ಡಾಂಗಲ್‌ನಂಥವಕ್ಕೆ +10 ಡಿಬಿಎಂ ದಾಟಿದರೆ ಅಪಾಯ ಅಂತ ಹಿಡಿಯುತ್ತಾರೆ. ನಾನು 0 ಡಿಬಿಎಂಗೇ ಗೆರೆ ಎಳೆದಿದ್ದೇನೆ. ಅಂದರೆ 50 ವ್ಯಾಟಿಗೆ ಕನಿಷ್ಠ 47 ಡಿಬಿ ಐಸೋಲೇಶನ್ ಬೇಕು. 60 ಇದ್ದರೆ ನೆಮ್ಮದಿ.

ನಾನು ಎಡವಿದ್ದು ಇಲ್ಲೇ

ನನ್ನ ಸ್ವಿಚ್ ಪೆಟ್ಟಿಗೆ ನಾನೇ ಕಟ್ಟಿದ್ದು. ಲ್ಯಾಮಿಂಗ್ಟನ್ ರೋಡಿನಿಂದ 12 ವೋಲ್ಟ್ ರಿಲೇ ತಂದು, ಒಂದೊಂದು ಸೆಟ್ಟಿಗೆ ಒಂದೊಂದು ಹಾಕಿದ್ದೆ. ಇದೇ ನಕ್ಷೆಯ ಪೆಟ್ಟಿಗೆ ಗೆಳೆಯನ ಮನೆಯಲ್ಲಿ 7 ಮೆಗಾಹರ್ಟ್ಸ್‌ನಲ್ಲಿ ವರ್ಷದಿಂದ ಚೆನ್ನಾಗಿ ನಡೆಯುತ್ತಿದೆ. ಅಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯಲಿಲ್ಲ?

ರಿಲೇ ಬಿಟ್ಟುಕೊಂಡಾಗ ಎರಡು ಲೋಹದ ತುದಿಗಳು ಎದುರುಬದುರು ನಿಂತಿರುತ್ತವೆ. ನಡುವೆ ಗಾಳಿ. ಎರಡು ಲೋಹ, ನಡುವೆ ಗಾಳಿ ಅಂದರೆ ಅದೊಂದು ಪುಟ್ಟ ಕೆಪಾಸಿಟರ್. 1 ಪಿಕೊಫ್ಯಾರಡ್ ಅಂತಿಟ್ಟುಕೊಳ್ಳಿ. ಡಿಸಿಗೆ ಅದು ಗೋಡೆ. ಆರ್‌ಎಫ್‌ಗೆ ಗೋಡೆಯಲ್ಲೊಂದು ಬಿರುಕು. ಫ್ರೀಕ್ವೆನ್ಸಿ ಏರಿದಷ್ಟೂ ಬಿರುಕು ಅಗಲವಾಗುತ್ತದೆ.

ಅದರ ತಡೆ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 22,700 ಓಮ್. 145ರಲ್ಲಿ 1,100. 435ರಲ್ಲಿ ಬರೀ 366.

ಈ ಅಂಕಿಗಳನ್ನು ಮೊದಲು ನೋಡಿದಾಗಲೂ ನನಗೆ ಗಾಬರಿ ಆಗಿರಲಿಲ್ಲ. 50 ಓಮ್ ಲೋಕದಲ್ಲಿ 1,100 ಓಮ್ ದೊಡ್ಡ ತಡೆ ತಾನೇ, ಇನ್ನೇನು ಸೋರೀತು ಅಂದುಕೊಂಡೆ. ತಪ್ಪಿದ್ದು ಅಲ್ಲಿ. ಎಷ್ಟು ಪಾಲು ಸೋರುತ್ತದೆ ಅಂತ ನೋಡಿದೆ, ಯಾವುದರ ಪಾಲು ಅಂತ ನೋಡಲಿಲ್ಲ. ಒಂದೊಂದೇ ಹೆಜ್ಜೆ ಇಡೋಣ.

50 ವ್ಯಾಟ್ ಹೋಗುವಾಗ ಕೇಬಲ್ ಮೇಲೆ ಎಷ್ಟು ವೋಲ್ಟ್? ಪವರನ್ನು 50 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50ನ್ನು 50ರಿಂದ ಗುಣಿಸಿದರೆ 2,500, ಮೂಲ 50 ವೋಲ್ಟ್. ಈ 50 ವೋಲ್ಟ್ ತೆರೆದ ರಿಲೇಯ ಒಂದು ತುದಿಯಲ್ಲಿ ಕೂತಿದೆ. ಇನ್ನೊಂದು ತುದಿಯಲ್ಲಿ ಡಾಂಗಲ್, 50 ಓಮ್. ನಡುವೆ 1,100 ಓಮ್. ಡಾಂಗಲ್ ಪಾಲಿಗೆ ಬರುವುದು 50 ವೋಲ್ಟಿನ ಸುಮಾರು ಇಪ್ಪತ್ತೆರಡನೇ ಒಂದು ಭಾಗ, ಅಂದರೆ 2.3 ವೋಲ್ಟ್. ಅದನ್ನು ಪವರ್ ಮಾಡಿದರೆ 100 ಮಿಲಿವ್ಯಾಟ್. +20 ಡಿಬಿಎಂ!

ವಿಎಚ್‌ಎಫ್‌ನಲ್ಲಿ (145 ಇರುವ ಬ್ಯಾಂಡಿನಲ್ಲಿ) ಎಸ್9, ಅಂದರೆ ಸೆಟ್ಟಿನ ಸಿಗ್ನಲ್ ಮೀಟರಿನ ಒಂದು ಗುರುತು, −93 ಡಿಬಿಎಂ, 5 ಮೈಕ್ರೋವೋಲ್ಟ್. ಅಂಥ ಪಿಸುಮಾತು ಕೇಳಲು ಮಾಡಿದ ಕಿವಿಗೆ ನಾನು ಎಸ್9ಗಿಂತ 113 ಡಿಬಿ ಜೋರಾಗಿ ಕೂಗಿದ್ದೆ, ಅದೂ ಸ್ವಿಚ್ ಆಫ್ ಇದ್ದಾಗ. ಯುಎಚ್‌ಎಫ್‌ನಲ್ಲಿ, ಅಂದರೆ 435ರಲ್ಲಿ, 35 ವ್ಯಾಟಿಗೆ ಇದೇ ಲೆಕ್ಕ ಮಾಡಿದರೆ +28 ಡಿಬಿಎಂ ಬರುತ್ತದೆ, ಅರ್ಧ ವ್ಯಾಟಿಗಿಂತ ಜಾಸ್ತಿ. ಗೆಳೆಯನ 7 ಮೆಗಾಹರ್ಟ್ಸ್‌ನಲ್ಲಿ 50 ವ್ಯಾಟಿಗೆ −6. ಅದಕ್ಕೇ ಅವನ ಸೆಟ್ ಬದುಕಿದೆ.

ಇದಾದ ಮೇಲೆ ಸ್ವಿಚ್ ಕೊಳ್ಳುವಾಗ “ಐಸೋಲೇಶನ್ 60 ಡಿಬಿ” ಅಂತ ಬರೆದಿದ್ದರೆ ಯಾವ ಫ್ರೀಕ್ವೆನ್ಸಿಯಲ್ಲಿ ಅಂತ ಮೊದಲು ನೋಡುತ್ತೇನೆ.

ಕಡಿ, ನೆಲಕ್ಕೆ ಕಟ್ಟು, ಮತ್ತೆ ಕಡಿ

ಸೋರಿದ್ದನ್ನು ಡಾಂಗಲ್ ತಲುಪುವ ಮೊದಲೇ ನೆಲಕ್ಕೆ ಇಳಿಸಿದರೆ? ಎರಡನೇ ರಿಲೇ ಹಾಕಿ, ಆಫ್ ಇರುವ ತುದಿಯನ್ನು ಗ್ರೌಂಡಿಗೆ ಶಾರ್ಟ್ ಮಾಡುವುದು. ಒಳ್ಳೆಯ ಉಪಾಯವೇ. ಆದರೆ 145 ಮೆಗಾಹರ್ಟ್ಸ್‌ನಲ್ಲಿ ಶಾರ್ಟ್ ಕೂಡ ಪೂರ್ತಿ ಶಾರ್ಟ್ ಅಲ್ಲ. ತಂತಿಗೆ ಮಿಲಿಮೀಟರಿಗೆ ಸುಮಾರು 1 ನ್ಯಾನೊಹೆನ್ರಿ ಅಂತ ಲೆಕ್ಕ ಇಡುತ್ತಾರೆ. 1 ಸೆಂಟಿಮೀಟರ್ ತಂತಿಗೆ 10. ಅದರ ತಡೆ 145ರಲ್ಲಿ 9 ಓಮ್. ಲೆಕ್ಕ ಹಾಕಿದರೆ ಡಾಂಗಲ್ ಮೇಲೆ ಇನ್ನೂ 0.4 ವೋಲ್ಟ್ ಉಳಿಯುತ್ತದೆ, +5 ಡಿಬಿಎಂ. 15 ಡಿಬಿ ಉಳಿತಾಯ ಆಯಿತು, ನನ್ನ ಗೆರೆ ಮುಟ್ಟಲಿಲ್ಲ.

ಹಾಗಾಗಿ ಗ್ರೌಂಡ್ ಮಾಡಿದ ಜಾಗದ ಆಚೆಗೆ ಇನ್ನೊಂದು ರಿಲೇ. ಅದೂ ತೆರೆದಾಗ 1,100 ಓಮ್. ಈಗ 0.4 ವೋಲ್ಟಿನ ಇಪ್ಪತ್ತೆರಡನೇ ಒಂದು ಭಾಗ ಮಾತ್ರ ಆಚೆ ಹೋಗುತ್ತದೆ. −22 ಡಿಬಿಎಂ! ಕಾಗದದ ಮೇಲೆ ಒಟ್ಟು ಐಸೋಲೇಶನ್ 69 ಡಿಬಿ. ರಿಲೇ ಅದೇ, ಜೋಡಿಸಿದ ಬಗೆ ಮಾತ್ರ ಬೇರೆ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಪೆಟ್ಟಿಗೆ ಕಟ್ಟಿದ ಮೇಲೆ ನ್ಯಾನೋವಿಎನ್‌ಎ (ಸಿಗ್ನಲ್ ಎಷ್ಟು ದಾಟುತ್ತದೆ ಅಂತ ಅಳೆಯುವ ಪುಟ್ಟ ಸಾಧನ) ಹಿಡಿದು ಅಳೆದೆ. ಆಂಟೆನಾ ಪೋರ್ಟಿಗೆ ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲು 50 ಓಮ್. ಆನ್ ಇರುವ ಸೆಟ್ಟಿನ ಪೋರ್ಟಿಗೆ ನ್ಯಾನೋದ ಮೊದಲ ಚಾನೆಲ್, ಆಫ್ ಇರುವ ಪೋರ್ಟಿಗೆ ಎರಡನೆಯದು. ಪರದೆಯಲ್ಲಿ ಎಸ್21, ಅಂದರೆ ಮೊದಲನೆಯದರಿಂದ ಎರಡನೆಯದಕ್ಕೆ ದಾಟಿದ್ದನ್ನು, ಓದಿ. ಈ ಹೊತ್ತಿನಲ್ಲಿ ರೇಡಿಯೋ ಯಾವುದೂ ಪೆಟ್ಟಿಗೆಗೆ ಸಿಕ್ಕಿಸಿರಬಾರದು. ನ್ಯಾನೋ ಕೂಡ ಡಾಂಗಲ್‌ನಷ್ಟೇ ನಾಜೂಕು. ನನಗೆ ಮೊದಲು 145ರಲ್ಲಿ ಬರೀ 44 ಬಂತು. ಪೆಟ್ಟಿಗೆಯೊಳಗೆ ತಂತಿಗಳು ಅಕ್ಕಪಕ್ಕ ಓಡಿ ಒಂದಕ್ಕೊಂದು ಸೋರುತ್ತಿದ್ದವು. ನಡುವೆ ತಗಡಿನ ಗೋಡೆ ಬೆಸುಗೆ ಹಾಕಿ, ತಂತಿ ಗಿಡ್ಡ ಮಾಡಿದ ಮೇಲೆ 61. ಅಂದರೆ 47ರಲ್ಲಿ 61 ಕಳೆದು −14. 435ರಲ್ಲಿ ಮಾತ್ರ 40ರ ಮೇಲೆ ಏರಲೇ ಇಲ್ಲ. ಹಾಗಾಗಿ ಈ ಪೆಟ್ಟಿಗೆ ಹಾಕಿಕೊಂಡು ನಾನು ಯುಎಚ್‌ಎಫ್‌ನಲ್ಲಿ ಮಾತಾಡುವುದಿಲ್ಲ.

ಕರೆಂಟ್ ಹೋದಾಗ ಯಾವ ಕಡೆ ಬೀಳಬೇಕು

ಕರೆಂಟ್ ಇಲ್ಲದಾಗ ಎಲ್ಲಾ ಪೋರ್ಟ್‌ಗಳೂ ಕಡಿದು ನೆಲಕ್ಕೆ ಕಟ್ಟಿಕೊಂಡಿರಬೇಕು. 12 ವೋಲ್ಟ್ ಬಂದಾಗ ಮಾತ್ರ, ಗುಂಡಿ ತಿರುಗಿಸಿದ ಕಡೆಯದು ಆಂಟೆನಾಗೆ ಸೇರಬೇಕು. ಆಗ ಫ್ಯೂಸ್ ಹಾರಿದರೂ ಸಪ್ಲೈ ಕೆಟ್ಟರೂ ಕಿವಿ ಮುಚ್ಚಿಯೇ ಇರುತ್ತದೆ.

ಇದರಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ಗ್ರೌಂಡ್ ಆಗಿರುವ ಪೋರ್ಟಿನ ಸೆಟ್ಟಿನಲ್ಲಿ ಯಾರಾದರೂ ಪಿಟಿಟಿ (ಮಾತಾಡಲು ಒತ್ತುವ ಮೈಕಿನ ಬಟನ್) ಒತ್ತಿದರೆ ಅದಕ್ಕೆ ಆಂಟೆನಾ ಕಾಣುವುದಿಲ್ಲ, ಹೋದ ಪವರೆಲ್ಲ ವಾಪಸ್ ಬರುತ್ತದೆ. ಹೊಸ ಸೆಟ್‌ಗಳು ತಾವೇ ಪವರ್ ತಗ್ಗಿಸಿಕೊಳ್ಳುತ್ತವೆ, ಹಳೆಯವನ್ನು ನಂಬುವ ಹಾಗಿಲ್ಲ. ಗುಂಡಿಯಲ್ಲಿ ಇನ್ನೊಂದು ಅಂತಸ್ತು ಖಾಲಿ ಇತ್ತು. ಮೈಕಿನ ಪಿಟಿಟಿ ತಂತಿಯನ್ನು ಅದರ ಮೂಲಕ ಹಾಯಿಸಿದೆ. ಆಂಟೆನಾ ಯಾರ ಬಳಿ ಇದೆಯೋ ಅವರ ಪಿಟಿಟಿ ಮಾತ್ರ ಕೆಲಸ ಮಾಡುತ್ತದೆ. ಮಾತಾಡುತ್ತಿರುವಾಗ ಗುಂಡಿ ತಿರುಗಿಸಬಾರದು, ರಿಲೇ ತುದಿಯಲ್ಲಿ ಕಿಡಿ ಹಾರುತ್ತದೆ, ಸೆಟ್ಟಿಗೂ ಏಟು.

ಪಿಟಿಟಿ ಒತ್ತಿದೊಡನೆ ಡಾಂಗಲ್ ತಾನಾಗೇ ಕಡಿಯುವಂತೆ ಮಾಡುವವರು ಒಂದು ನೆನಪಿಡಿ. ರಿಲೇ ಸರಿದು ಕೂರಲು 5ರಿಂದ 15 ಮಿಲಿಸೆಕೆಂಡ್ ಬೇಕು. ಕಾಯಿಲ್ ಮೇಲೆ ಡಯೋಡ್ ಇದ್ದರೆ ಬಿಟ್ಟುಕೊಳ್ಳಲು ಇನ್ನೂ ತಡ. ಮೊದಲು ಪೆಟ್ಟಿಗೆಗೆ ಸುದ್ದಿ ಹೋಗಬೇಕು, ಆಮೇಲೆ ಸೆಟ್ಟಿಗೆ. ಆರ್‌ಎಫ್ ಬಂದದ್ದು ನೋಡಿ ಕಡಿಯುವ ಪೆಟ್ಟಿಗೆ ಎಚ್ಚರಾಗುವ ಹೊತ್ತಿಗೆ ಆರ್‌ಎಫ್ ಒಳಗೆ ಬಂದಾಗಿರುತ್ತದೆ.

ಡಿಪ್ಲೆಕ್ಸರ್: ಎರಡು ಬ್ಯಾಂಡು, ಒಂದೇ ಹೊತ್ತು

ಎರಡು ಸೆಟ್ ಬೇರೆ ಬೇರೆ ಬ್ಯಾಂಡಿನಲ್ಲಿದ್ದರೆ ಗುಂಡಿಯೇ ಬೇಡ. ಫ್ರೀಕ್ವೆನ್ಸಿ ನೋಡಿ ದಾರಿ ಬೇರೆ ಮಾಡುವ ಎರಡು ಫಿಲ್ಟರಿನ ಡಬ್ಬಿ, ಡಿಪ್ಲೆಕ್ಸರ್, ಸಾಕು. 144ರದ್ದು ಲೋ ಪಾಸ್ (ಕಡಿಮೆ ಫ್ರೀಕ್ವೆನ್ಸಿ ಮಾತ್ರ ಬಿಡುವ) ಕಡೆ, 430ರದ್ದು ಹೈ ಪಾಸ್ (ಹೆಚ್ಚಿನದನ್ನು ಮಾತ್ರ ಬಿಡುವ) ಕಡೆ. ಅಂಗಡಿಯಲ್ಲಿ ಇದನ್ನು ಡ್ಯುಪ್ಲೆಕ್ಸರ್ ಅಂತಲೇ ಮಾರುತ್ತಾರೆ. ನಿಜವಾದ ಡ್ಯುಪ್ಲೆಕ್ಸರ್, ಕೇಳಿದ್ದನ್ನು ಮರುಪ್ರಸಾರ ಮಾಡುವ ರಿಪೀಟರ್‌ನಲ್ಲಿರುವ ದೊಡ್ಡ ಡಬ್ಬಿಗಳ ಸಾಲು, ಅದು ಒಂದೇ ಬ್ಯಾಂಡಿನಲ್ಲಿ 600 ಕಿಲೋಹರ್ಟ್ಸ್ ಅಂತರದ ಎರಡು ಫ್ರೀಕ್ವೆನ್ಸಿ ಬೇರ್ಪಡಿಸುತ್ತದೆ.

ಎಸ್‌ಒ-50 ಉಪಗ್ರಹಕ್ಕೆ 145.850ರಲ್ಲಿ ಮಾತಾಡಿ 436.795ರಲ್ಲಿ ನಿಮ್ಮದೇ ದನಿ ಕೇಳಲು, ಎರಡು ಸೆಟ್ಟಿಗೆ ಒಂದೇ ಆಂಟೆನಾ ಇದ್ದರೆ, ಡಿಪ್ಲೆಕ್ಸರ್ ಬೇಕೇ ಬೇಕು. 145ರ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಹೊರಡುವ ಕಸ) ಸರಿಯಾಗಿ 435ರ ಬ್ಯಾಂಡಿಗೇ ಬೀಳುತ್ತದೆ, ಅಲ್ವಾ? ಲೋ ಪಾಸ್ ಕಡೆ ಅದನ್ನೂ ಬಹುಪಾಲು ತಡೆಯುತ್ತದೆ.

ಸಿಡಿಲಿಗೆ ಇದ್ಯಾವುದೂ ಉತ್ತರ ಅಲ್ಲ. ಮುಂಬೈಯಲ್ಲಿ ಜೂನಿನ ಮೊದಲ ಮಳೆಗೂ ಅಕ್ಟೋಬರಿನ ಕೊನೆಯ ಮಳೆಗೂ ಗುಡುಗು ಜಾಸ್ತಿ. ಆ ದಿನಗಳಲ್ಲಿ ಕೇಬಲ್ಲನ್ನೇ ಪೆಟ್ಟಿಗೆಯಿಂದ ಬಿಚ್ಚಿ ಕಿಟಕಿಯ ಹೊರಗೆ ಬಿಡುತ್ತೇನೆ. ಉಪ್ಪುಗಾಳಿಗೆ ಪಿಎಲ್-259 ಕನೆಕ್ಟರ್ ಬೇಗ ಹಸಿರುಗಟ್ಟುತ್ತದೆ. ನೀರು ಹೋಗಿ ಎಸ್‌ಡಬ್ಲ್ಯುಆರ್ ಏರಿದರೆ ಕೇಬಲ್ಲಿನ ಕೆಲವು ಜಾಗದಲ್ಲಿ ವೋಲ್ಟೇಜ್ ಏರುತ್ತದೆ, ಆ ಜಾಗ ರಿಲೇ ಹತ್ತಿರ ಬಂದರೆ ಮೇಲಿನ 50 ವೋಲ್ಟಿನ ಲೆಕ್ಕ ಕೆಡುತ್ತದೆ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಟೆರೇಸ್ ಕಡೆಯ ಕನೆಕ್ಟರ್ ಬಿಚ್ಚಿ ನೋಡಿ, ಹೊಸ ಟೇಪ್ ಸುತ್ತಿ, ಎಸ್‌ಡಬ್ಲ್ಯುಆರ್ ಅಳೆದ ಮೇಲೆಯೇ ಹೊಸ ಡಾಂಗಲ್ ಸಿಕ್ಕಿಸುತ್ತೇನೆ.