ಪತ್ನಿ ಹುಟ್ಟಿದ್ದು ಚೀನಾದಲ್ಲಿ: ಗ್ರೀನ್ ಕಾರ್ಡಿಗೆ ಎಷ್ಟು ವರ್ಷ ಕಾಯಬೇಕು?

ಪ್ರಶ್ನೆ: ನಾನು ದಾವಣಗೆರೆಯವನು, ಈಗ ಅಮೆರಿಕದ ಪ್ರಜೆ. ನಾನು ಮದುವೆಯಾಗಲಿರುವ ಹುಡುಗಿ ಚೀನಾದ ಚೆಂಗ್ಡು ನಗರದವಳು. ಎಫ್-1 ವೀಸಾದ ಮೇಲೆ ಇಲ್ಲಿಯೇ ಓದುತ್ತಿದ್ದಾಳೆ. ಚೀನಾದವರಿಗೆ ಕೋಟಾ ಇರುವುದರಿಂದ ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯಬೇಕೆಂದು ಗೆಳೆಯರು ಹೇಳುತ್ತಿದ್ದಾರೆ. ನಿಜವಾಗಿ ಎಷ್ಟು ವರ್ಷ ಆಗಬಹುದು?

ಉತ್ತರ: ಕೋಟಾದ ಕಾರಣಕ್ಕೆ ನೀವು ಒಂದು ದಿನವೂ ಕಾಯಬೇಕಿಲ್ಲ. ಕಡತ ಪರಿಶೀಲನೆಗೆ, ಬೆರಳಚ್ಚಿಗೆ, ಸಂದರ್ಶನಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೆಲವೊಮ್ಮೆ ವರ್ಷವೂ ದಾಟುತ್ತದೆ. ಆದರೆ ಅದು ಕಚೇರಿಯ ಕೆಲಸದ ವೇಗಕ್ಕೆ ಸಂಬಂಧಿಸಿದ್ದು. ನಿಮ್ಮ ಹುಡುಗಿ ಚೆಂಗ್ಡುವಿನ ಬದಲು ಪ್ಯಾರಿಸ್ಸಿನಲ್ಲಿ ಹುಟ್ಟಿದ್ದರೂ ಆ ತಿಂಗಳುಗಳು ಅಷ್ಟೇ ಇರುತ್ತಿದ್ದವು. ಇದೇ ಪ್ರಶ್ನೆಗೆ ಇದೇ ಉತ್ತರವನ್ನು ಬರೆದು ಬರೆದು ಬೇಸತ್ತಿದ್ದೇನೆ. ಊರುಗಳ ಹೆಸರು ಬದಲಾಗುತ್ತದೆ, ಕೆಲವೊಮ್ಮೆ ಹುಡುಗನ ಬದಲು ಹಾಸನದಿಂದಲೋ ಶಿವಮೊಗ್ಗದಿಂದಲೋ ಅವನ ತಂದೆಯೇ ಕೇಳುತ್ತಾರೆ. ಕೋಟಾದ ಭಯ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಅದನ್ನು ಬುಡಸಮೇತ ಕೀಳುವುದೇ ಸರಿ.

ಈ ಭಯ ಹುಟ್ಟಿದ್ದು ಎಲ್ಲಿಂದ ಎಂಬುದು ನನಗೆ ಅರ್ಥವಾಗದ ವಿಷಯವೇನಲ್ಲ. ಅಮೆರಿಕದಲ್ಲಿರುವ ನಮ್ಮವರಲ್ಲಿ ಬಹುಪಾಲು ಜನ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೂಲಕ ಬಂದವರು. ಮನೆಯ ಹಿರಿಯರು ಪಂಚಾಂಗ ತೆರೆಯುವಷ್ಟೇ ನಿಷ್ಠೆಯಿಂದ ಯಾವ ದಿನಾಂಕದವರೆಗೆ ಅರ್ಜಿ ಹಾಕಿದವರ ಸರದಿ ಬಂದಿದೆ ಎಂದು ಅಮೆರಿಕ ಸರ್ಕಾರ ತಿಂಗಳು ತಿಂಗಳೂ ಪ್ರಕಟಿಸುವ ವೀಸಾ ಬುಲೆಟಿನ್ ತೆರೆದು ತಮ್ಮ ದಿನಾಂಕ ಮುಂದೆ ಸರಿಯಿತೇ ಎಂದು ನೋಡುವವರು. ಆ ಪಟ್ಟಿಯಲ್ಲಿ ಭಾರತಕ್ಕೊಂದು ಕಾಲಂ, ಚೀನಾಕ್ಕೊಂದು ಕಾಲಂ ಪ್ರತ್ಯೇಕವಾಗಿ ಇರುವುದರಿಂದ, ಈ ಎರಡು ದೇಶಗಳಲ್ಲಿ ಹುಟ್ಟಿದವರು ಯಾವ ದಾರಿಯಿಂದ ಬಂದರೂ ಸಾಲಿನಲ್ಲಿ ನಿಲ್ಲಲೇಬೇಕೆಂಬ ನಂಬಿಕೆ ಬೇರೂರಿದೆ. ಆದರೆ ಆ ಕಾಲಂಗಳು ಅನ್ವಯಿಸುವುದು ಎರಡೇ ಗುಂಪುಗಳಿಗೆ: ವರ್ಷಕ್ಕೆ ಕನಿಷ್ಠ 1,40,000 ಸಂಖ್ಯೆಗಳಿರುವ ಉದ್ಯೋಗ ಆಧಾರಿತ ವರ್ಗಗಳು ಮತ್ತು ಕನಿಷ್ಠ 2,26,000 ಸಂಖ್ಯೆಗಳಿರುವ ಕುಟುಂಬ ಆದ್ಯತೆಯ ವರ್ಗಗಳು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿ ಇರುವುದು ಈ ಗುಂಪುಗಳ ಒಳಗೆ. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿ, 21 ವರ್ಷ ತುಂಬದ ಅವಿವಾಹಿತ ಮಕ್ಕಳು, ಹಾಗೂ 21 ತುಂಬಿದ ಪ್ರಜೆಯ ತಂದೆತಾಯಿ ಇವರನ್ನು ಕಾನೂನು ‘ಇಮಿಡಿಯೇಟ್ ರಿಲೇಟಿವ್’ ಎಂದು ಕರೆದು, ವಾರ್ಷಿಕ ಮಿತಿಯಿಂದಲೂ ದೇಶವಾರು ಮಿತಿಯಿಂದಲೂ ಪೂರ್ತಿಯಾಗಿ ಹೊರಗಿಟ್ಟಿದೆ. ಬುಲೆಟಿನ್ನಿನಲ್ಲಿ ಎಷ್ಟು ಹುಡುಕಿದರೂ ಈ ವರ್ಗಕ್ಕೆ ಒಂದು ದಿನಾಂಕ ಸಿಗುವುದಿಲ್ಲ, ಏಕೆಂದರೆ ಸರಿಯಬೇಕಾದ ದಿನಾಂಕವೇ ಅಲ್ಲಿಲ್ಲ.

ಇಷ್ಟು ಹೇಳಿದ ಮೇಲೂ ಆಕ್ಷೇಪಗಳು ಬರುತ್ತವೆ. ‘ನನ್ನ ಸಹೋದ್ಯೋಗಿಯ ಹೆಂಡತಿ ಚೀನಾದವಳು, ಅವರು ಆರು ವರ್ಷ ಕಾದರಲ್ಲ’ ಎನ್ನುತ್ತಾರೆ. ವಿಚಾರಿಸಿದರೆ ಆ ಸಹೋದ್ಯೋಗಿ ಪ್ರಜೆಯೇ ಆಗಿರುವುದಿಲ್ಲ. ಇಬ್ಬರೂ ಉದ್ಯೋಗದ ಸಾಲಿನಲ್ಲಿ ಒಟ್ಟಿಗೆ ನಿಂತವರು. ‘ಕುಟುಂಬದ ಪಟ್ಟಿಯಲ್ಲೂ ಚೀನಾದ ಕಾಲಂ ಕಂಡೆ’ ಎನ್ನುತ್ತಾರೆ. ಕಂಡದ್ದು ನಿಜ, ಅದು ಪ್ರಜೆಗಳ ಒಡಹುಟ್ಟಿದವರು, ವಯಸ್ಕ ಮಕ್ಕಳು ಮುಂತಾದವರ ಪಟ್ಟಿ, ಹೆಂಡತಿಯದಲ್ಲ. ‘ನಾನು ಭಾರತದಲ್ಲಿ ಹುಟ್ಟಿದವನಾದ್ದರಿಂದ ನನ್ನ ಅರ್ಜಿಗೂ ಹಿನ್ನಡೆಯೇ’ ಎಂದು ಕೇಳುವವರೂ ಇದ್ದಾರೆ. ಅರ್ಜಿ ಸಲ್ಲಿಸುವ ಪ್ರಜೆ ಎಲ್ಲಿ ಹುಟ್ಟಿದನೆಂಬುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಪ್ರಮಾಣವಚನ ಸ್ವೀಕರಿಸಿ ಪ್ರಜೆಯಾದವನಿಗೂ ಅಯೋವಾದಲ್ಲಿ ಹುಟ್ಟಿದವನಿಗೂ ಇಲ್ಲಿ ವ್ಯತ್ಯಾಸವಿಲ್ಲ.

ಹಾಗೆಂದು ಈ ಭಯಕ್ಕೆ ಎಂದೂ ಆಧಾರವೇ ಇರಲಿಲ್ಲವೆಂದಲ್ಲ. ಆಧಾರವಿದ್ದ ಕಾಲ ಕಳೆದುಹೋಗಿದೆ. 1882ರ ಚೀನೀ ಬಹಿಷ್ಕಾರ ಕಾನೂನು ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. 1924ರ ವಲಸೆ ಕಾನೂನಿನ ಪ್ರಕಾರ ಅಮೆರಿಕದ ಪ್ರಜೆಯ ಚೀನೀ ಹೆಂಡತಿಗೂ ಪ್ರವೇಶವಿಲ್ಲವೆಂದು 1925ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತು. 1943ರಲ್ಲಿ ಬಹಿಷ್ಕಾರ ರದ್ದಾದಾಗಲೂ ಚೀನೀಯರಿಗೆ ಸಿಕ್ಕಿದ್ದು ವರ್ಷಕ್ಕೆ 105 ಜನರ ಕೋಟಾ ಮಾತ್ರ. ಪ್ರಜೆಗಳ ಹೆಂಡತಿಯರೂ ಆ 105ರೊಳಗೇ ಜಾಗ ಹುಡುಕಬೇಕಿತ್ತು. 1946ರ ಆಗಸ್ಟ್ 9ರ ಕಾನೂನು ಪ್ರಜೆಗಳ ಚೀನೀ ಪತ್ನಿಯರನ್ನು ಕೋಟಾದಿಂದ ಹೊರಗೆ ತಂದಿತು. ಭಾರತೀಯರಿಗೆ ವರ್ಷಕ್ಕೆ 100 ಜನರ ಕೋಟಾ ಮತ್ತು ಪ್ರಜೆಗಳಾಗುವ ಹಕ್ಕು ದೊರೆತದ್ದೂ ಅದೇ ವರ್ಷದ ಜುಲೈನಲ್ಲಿ. 1952ರ ಕಾನೂನು ಗಂಡ ಹೆಂಡತಿ ಇಬ್ಬರಿಗೂ ಈ ವಿನಾಯಿತಿಯನ್ನು ವಿಸ್ತರಿಸಿತು, 1965ರ ಸುಧಾರಣೆ ಅದನ್ನು ಉಳಿಸಿಕೊಂಡಿತು. ಅಂದರೆ ನಿಮ್ಮ ಗೆಳೆಯರು ಹೇಳುತ್ತಿರುವ ಕೋಟಾ ಅವರ ಅಜ್ಜಂದಿರ ಕಾಲಕ್ಕೇ ಮುಗಿದ ಕಥೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನೀವು ಪ್ರಜೆಯಾಗಿರದೆ ಕೇವಲ ಗ್ರೀನ್ ಕಾರ್ಡ್ ಹೊಂದಿದವರಾಗಿದ್ದರೆ ನಿಮ್ಮ ಪತ್ನಿ ಎಫ್2ಎ ಎಂಬ ವರ್ಗಕ್ಕೆ ಸೇರುತ್ತಿದ್ದಳು, ಆಗ ಸಾಲು ನಿಜವಾಗಿಯೂ ಇರುತ್ತಿತ್ತು. ಆದರೂ ಅದು ಚೀನಾದ ಸಾಲಲ್ಲ: ಆ ವರ್ಗದ ಮುಕ್ಕಾಲು ಪಾಲು ಸಂಖ್ಯೆಗಳನ್ನು ಕಾನೂನು ದೇಶವಾರು ಮಿತಿಯಿಂದ ಹೊರಗಿಟ್ಟಿರುವುದರಿಂದ, ಚೀನಾಕ್ಕೂ ಭಾರತಕ್ಕೂ ಇತರ ಬಹುತೇಕ ದೇಶಗಳಿಗೂ ಸಾಮಾನ್ಯವಾಗಿ ಒಂದೇ ದಿನಾಂಕ ಇರುತ್ತದೆ. ಕಾಯುತ್ತಿರುವಾಗಲೇ ಅರ್ಜಿದಾರ ಪ್ರಜೆಯಾದರೆ ಅದೇ ಅರ್ಜಿ ಇಮಿಡಿಯೇಟ್ ರಿಲೇಟಿವ್ ವರ್ಗಕ್ಕೆ ಬದಲಾಗುತ್ತದೆ, ಹೊಸದಾಗಿ ಹಾಕಬೇಕಿಲ್ಲ.

ಇನ್ನು ನಿಮ್ಮ ಕೆಲಸ. ಹುಡುಗಿ ಕ್ರಮಬದ್ಧವಾಗಿ ದೇಶದೊಳಗೆ ಬಂದಿರುವುದರಿಂದ, ಮದುವೆಯ ನಂತರ ನಿಮ್ಮ ಐ-130 (ಈಕೆ ನನ್ನ ಪತ್ನಿ ಎಂದು ಪ್ರಜೆ ಸಲ್ಲಿಸುವ ಅರ್ಜಿ) ಮತ್ತು ಆಕೆಯ ಐ-485 (ದೇಶದೊಳಗಿದ್ದೇ ಗ್ರೀನ್ ಕಾರ್ಡ್ ಕೇಳುವ ಅರ್ಜಿ) ಎರಡನ್ನೂ ಒಟ್ಟಿಗೇ ಸಲ್ಲಿಸಬಹುದು. 2024ರ ಏಪ್ರಿಲ್‌ನಲ್ಲಿ ಬಂದ ಶುಲ್ಕಪಟ್ಟಿಯಂತೆ ಕಾಗದದ ಐ-130ಕ್ಕೆ 675 ಡಾಲರ್, ಐ-485ಕ್ಕೆ 1,440 ಡಾಲರ್. ಸಲ್ಲಿಸುವ ದಿನ ಮತ್ತೊಮ್ಮೆ ಪಟ್ಟಿ ನೋಡಿಕೊಳ್ಳಿ. ವೈದ್ಯಕೀಯ ತಪಾಸಣೆಯ ಐ-693 ಅನ್ನು 2024ರ ಡಿಸೆಂಬರ್‌ನಿಂದ ಐ-485ರ ಜೊತೆಯಲ್ಲೇ ಇಡಬೇಕಾಗಿದೆ. ನೀವು ಸಹಿ ಹಾಕುವ ಐ-864 ಎಂಬ ಆರ್ಥಿಕ ಹೊಣೆಯ ಪತ್ರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಬ್ಬರ ಕುಟುಂಬಕ್ಕೆ ಬಡತನ ರೇಖೆಯ ಶೇಕಡಾ 125ರಷ್ಟು, ಅಂದರೆ 2025ರ ಲೆಕ್ಕದಲ್ಲಿ ಸುಮಾರು 26,400 ಡಾಲರ್ ವಾರ್ಷಿಕ ಆದಾಯ ತೋರಿಸಿದರೆ ಸಾಕು, ಅದು ನಿಮಗೆ ಕಷ್ಟವಾಗಲಾರದು. ಆದರೆ ಆ ಹೊಣೆ ವಿಚ್ಛೇದನವಾದರೂ ತಪ್ಪುವುದಿಲ್ಲ. ಆಕೆ ಪ್ರಜೆಯಾಗುವವರೆಗೆ ಅಥವಾ ಸುಮಾರು ಹತ್ತು ವರ್ಷಗಳ ದುಡಿಮೆ ಆಕೆಯ ಲೆಕ್ಕಕ್ಕೆ ಸೇರುವವರೆಗೆ ಅದು ಸಾಮಾನ್ಯವಾಗಿ ಉಳಿದೇ ಇರುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಪ್ರಯಾಣದಲ್ಲಿ. ಐ-485 ಬಾಕಿ ಇರುವಾಗ ಅಡ್ವಾನ್ಸ್ ಪೆರೋಲ್ ಎಂಬ ಅನುಮತಿ ಪತ್ರ ಕೈಗೆ ಬರುವ ಮೊದಲೇ ಎಫ್-1ನಲ್ಲಿರುವವರು ದೇಶ ಬಿಟ್ಟು ಹೊರಟರೆ ಅರ್ಜಿಯನ್ನು ಕೈಬಿಟ್ಟಂತೆಯೇ ಆಗುತ್ತದೆ. ಚೀನೀ ಹೊಸವರ್ಷಕ್ಕೆ ತವರಿಗೆ ಹೋಗಿಬರುವ ಆಸೆ ಸಹಜವೇ. ಆ ವರ್ಷ ಮಾತ್ರ ತಂದೆತಾಯಿಯೊಂದಿಗೆ ವೀಡಿಯೊ ಕರೆಯಲ್ಲೇ ಹಬ್ಬ ಮಾಡಿಕೊಳ್ಳಲಿ.

ಮದುವೆ ಎಲ್ಲಿ ಆಗುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ದಾವಣಗೆರೆಯ ಛತ್ರದಲ್ಲಿ ಧಾರೆ ಎರೆಸಿಕೊಂಡು ಅದರ ಪ್ರಮಾಣಪತ್ರ ತರುವ ಯೋಚನೆಯಿದ್ದರೆ ತಿಳಿದಿರಲಿ: ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದು ಇಬ್ಬರೂ ಹಿಂದೂಗಳಾಗಿದ್ದಾಗ ಮಾತ್ರ. ಇಲ್ಲವಾದರೆ 1954ರ ವಿಶೇಷ ವಿವಾಹ ಕಾಯ್ದೆಯಂತೆ ನಡೆಯಬೇಕು. ಅದಕ್ಕೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ನೋಟಿಸ್ ಪ್ರಕಟವಾಗಿ ಮತ್ತೆ 30 ದಿನ ಕಳೆಯಬೇಕು. ಮೂರು ವಾರದ ರಜೆಯಲ್ಲಿ ಇದು ಮುಗಿಯುವುದಿಲ್ಲ. ಇಲ್ಲಿಯ ಕೌಂಟಿ ಕಚೇರಿಯಲ್ಲಿ ಮೊದಲು ಮದುವೆಯಾಗಿ, ಶಾಸ್ತ್ರವನ್ನು ಊರಲ್ಲಿ ಆಮೇಲೆ ಮಾಡಿಕೊಳ್ಳುವುದು ಎಲ್ಲರಿಗೂ ನೆಮ್ಮದಿ.

ಆಕೆಯ ಜನನದ ದಾಖಲೆಗಾಗಿ ಚೀನಾದ ನೋಟರಿ ಕಚೇರಿ ಕೊಡುವ ಪ್ರಮಾಣಪತ್ರ ಬೇಕು. ನಮ್ಮ ಕೋರ್ಟಿನ ಮುಂದೆ ಮರದ ಕೆಳಗೆ ಬೀಳುವ ನೋಟರಿ ಮುದ್ರೆಗೂ ಇದಕ್ಕೂ ಸಂಬಂಧವಿಲ್ಲ. ಇದು ಮೂಲ ದಾಖಲೆಗಳನ್ನು ಪರಿಶೀಲಿಸಿ, ಇಂಗ್ಲಿಷ್ ಅನುವಾದವನ್ನೂ ಸೇರಿಸಿ ಕೊಡುವ ಕಿರುಪುಸ್ತಿಕೆ. ಆಸ್ಪತ್ರೆಯ ಚೀಟಿಯನ್ನಷ್ಟೇ ಕಳುಹಿಸಿದವರಿಗೆ ಹೆಚ್ಚಿನ ಪುರಾವೆ ಕೇಳುವ ಪತ್ರ ಬರುತ್ತದೆ. ಒಂದು ವೇಳೆ ಆಕೆ ಚೀನಾದಲ್ಲಿದ್ದಿದ್ದರೆ ದಾರಿ ಬೇರೆ: ಐ-130 ಮಂಜೂರಾದ ಮೇಲೆ ದಾಖಲೆಗಳನ್ನು ಸಂಗ್ರಹಿಸುವ ನ್ಯಾಷನಲ್ ವೀಸಾ ಸೆಂಟರ್, ಡಿಎಸ್-260 ಎಂಬ ವಲಸೆ ವೀಸಾದ ಅರ್ಜಿ, ಪೊಲೀಸ್ ದಾಖಲೆ, ಕೊನೆಗೆ ಸಂದರ್ಶನ. ಬೀಜಿಂಗ್‌ನವರಿರಲಿ ಶಾಂಘೈಯವರಿರಲಿ, ಚೀನಾದ ಮುಖ್ಯಭೂಮಿಯಲ್ಲಿ ವಲಸೆ ವೀಸಾದ ಸಂದರ್ಶನ ನಡೆಯುವುದು ಗುವಾಂಗ್‌ಝೌ ನಗರದ ಅಮೆರಿಕನ್ ಕಾನ್ಸುಲೇಟಿನಲ್ಲಿ ಮಾತ್ರ.

ಇಲ್ಲದ ಕೋಟಾಕ್ಕೆ ಹೆದರುವವರು ನಿಜವಾಗಿ ಎಚ್ಚರವಹಿಸಬೇಕಾದ ಒಂದು ಪ್ರಶ್ನೆಯನ್ನು ಓದದೆಯೇ ‘ಇಲ್ಲ’ ಎಂದು ಗುರುತು ಹಾಕುತ್ತಾರೆ. ಐ-485ರಲ್ಲಿ ಕಮ್ಯುನಿಸ್ಟ್ ಪಕ್ಷದ ಅಥವಾ ಅದರ ಅಂಗಸಂಸ್ಥೆಗಳ ಸದಸ್ಯತ್ವದ ಬಗ್ಗೆ ಪ್ರಶ್ನೆ ಇದೆ. ನಮಗೆ ಅದು ಹಳೆಯ ಶೀತಲ ಸಮರದ ಅವಶೇಷದಂತೆ ಕಾಣಬಹುದು. ಚೀನಾದಲ್ಲಿ ಬೆಳೆದವರಿಗೆ ಅದು ಜೀವಂತ ಪ್ರಶ್ನೆ. ಅಲ್ಲಿ ಶಾಲಾ ಮಕ್ಕಳು ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡು ಪಕ್ಷದ ಮಕ್ಕಳ ಸಂಘಟನೆಯಾದ ಯಂಗ್ ಪಯೋನಿಯರ್ ಸೇರುವುದು, ಹದಿನಾಲ್ಕರ ನಂತರ ಬಹಳಷ್ಟು ವಿದ್ಯಾರ್ಥಿಗಳು ಪಕ್ಷದ ಯುವ ಘಟಕವಾದ ಯುವ ಲೀಗಿಗೆ ಸೇರುವುದು ವಾಡಿಕೆ. ವಿಶ್ವವಿದ್ಯಾಲಯದಲ್ಲಿ ಕೆಲವರು ಪಕ್ಷದ ಸದಸ್ಯತ್ವವನ್ನೂ ಪಡೆಯುತ್ತಾರೆ. ಪಕ್ಷದ ಸದಸ್ಯರಿಗೆ ಗ್ರೀನ್ ಕಾರ್ಡ್ ನಿರಾಕರಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ 16 ವರ್ಷಕ್ಕೆ ಮೊದಲಿನ ಸದಸ್ಯತ್ವ, ಒತ್ತಾಯದ ಸದಸ್ಯತ್ವ, ಉದ್ಯೋಗ ಅಥವಾ ಜೀವನಾವಶ್ಯಕಗಳಿಗಾಗಿ ಅನಿವಾರ್ಯವಾಗಿದ್ದ ಸದಸ್ಯತ್ವ ಇವುಗಳಿಗೆ ವಿನಾಯಿತಿಯೂ ಇದೆ. ಪಕ್ಷವೇ ಸರ್ಕಾರ ನಡೆಸುವ ಚೀನಾದಂಥ ದೇಶದಲ್ಲಿ ಸದಸ್ಯತ್ವ ಬಿಟ್ಟು ಐದು ವರ್ಷ ಕಳೆದವರಿಗೂ ವಿನಾಯಿತಿ ಇದೆ. ಇದಾವುದೂ ಹೊಂದದಿದ್ದರೆ, ಪ್ರಜೆಯ ಪತ್ನಿ ಎಂಬ ಕಾರಣಕ್ಕೆ ಕುಟುಂಬದ ಒಗ್ಗಟ್ಟಿಗಾಗಿ ಐ-601 ಅರ್ಜಿಯ ಮೂಲಕ ಆ ನಿರ್ಬಂಧದ ಮನ್ನಾ ಕೋರಬಹುದು. ನಿಜ ಹೇಳಿದವರಿಗೆ ಇಷ್ಟೆಲ್ಲ ದಾರಿಗಳಿವೆ. ಸುಳ್ಳು ಬರೆದು ಸಿಕ್ಕಿಬಿದ್ದವರ ಮೇಲೆ ವಂಚನೆಯ ಆರೋಪ ಜೀವನಪರ್ಯಂತ ಉಳಿಯುತ್ತದೆ. ಆದ್ದರಿಂದ ಯುವ ಲೀಗನ್ನೂ ಬಿಡದೆ ತಿಳಿಸಿ, ಪಕ್ಷದ ಸದಸ್ಯತ್ವವಿದ್ದರೆ ಅರ್ಜಿ ಹಾಕುವ ಮುನ್ನವೇ ವಕೀಲರನ್ನು ಕಾಣಿ.

ಮಂಜೂರಾತಿಯ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಬರುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮೊದಲಿನ 90 ದಿನಗಳಲ್ಲಿ ಆ ಷರತ್ತನ್ನು ತೆಗೆಸಲು ಇಬ್ಬರೂ ಸೇರಿ ಐ-751 ಅರ್ಜಿ ಹಾಕಬೇಕು. ಮದುವೆಯಾದೊಡನೆ ಪೌರತ್ವವಂತೂ ಯಾರಿಗೂ ಬರುವುದಿಲ್ಲ: ಪ್ರಜೆಯೊಂದಿಗೆ ಸಂಸಾರ ನಡೆಸುತ್ತ ಗ್ರೀನ್ ಕಾರ್ಡಿನಲ್ಲಿ ಮೂರು ವರ್ಷ ಪೂರೈಸಿದವರಿಗೆ ಆ ಅರ್ಹತೆ. ಅಮೆರಿಕದ ಪೌರತ್ವ ಪಡೆದ ದಿನ ಚೀನಾದ ಪೌರತ್ವ ತಾನಾಗಿಯೇ ಹೋಗುತ್ತದೆ, ಅವರ 1980ರ ರಾಷ್ಟ್ರೀಯತೆ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಈ ವಿಷಯದಲ್ಲಿ ನಮಗೂ ಅವರಿಗೂ ಭೇದವಿಲ್ಲ.

ಕೊನೆಗೆ, ನೀವು ಕೇಳದ, ಆದರೆ ಇನ್ನೂ ಎಚ್-1ಬಿಯಲ್ಲಿರುವ ನಿಮ್ಮ ಗೆಳೆಯರು ಕೇಳಬೇಕಾಗಿದ್ದ ಒಂದು ವಿಷಯ. ಕೋಟಾದ ಲೆಕ್ಕ ನಡೆಯುವುದು ಪಾಸ್‌ಪೋರ್ಟಿನ ಮೇಲಲ್ಲ, ಹುಟ್ಟಿದ ನೆಲದ ಮೇಲೆ. ಜೊತೆಗೆ, ಗಂಡ ಹೆಂಡತಿ ಅಗಲಬಾರದೆಂಬ ಉದ್ದೇಶದಿಂದ, ಒಬ್ಬರು ಹುಟ್ಟಿದ ದೇಶದ ಲೆಕ್ಕವನ್ನು ಇನ್ನೊಬ್ಬರಿಗೂ ಹಚ್ಚಲು ಕಾನೂನು ಅವಕಾಶ ಕೊಡುತ್ತದೆ. 2025ರ ಕೊನೆಯ ಬುಲೆಟಿನ್‌ಗಳಲ್ಲಿ ಇಬಿ-2 ಎಂಬ ಉದ್ಯೋಗ ಆಧಾರಿತ ವರ್ಗದ ಭಾರತದ ದಿನಾಂಕ 2013ರಲ್ಲೇ ತೆವಳುತ್ತಿದ್ದರೆ ಚೀನಾದ್ದು 2021ರಲ್ಲಿತ್ತು. ಹೀಗಾಗಿ 2018ರ ದಿನಾಂಕ ಹಿಡಿದು ಕಾಯುತ್ತಿರುವ ಮೈಸೂರಿನ ಎಂಜಿನಿಯರ್ ಚೀನಾದಲ್ಲಿ ಹುಟ್ಟಿದವಳನ್ನು ಮದುವೆಯಾಗಿದ್ದರೆ, ಯಾವ ಚೀನೀ ಕೋಟಾಕ್ಕೆ ಎಲ್ಲರೂ ಹೆದರುತ್ತಾರೋ ಅದೇ ಅವನನ್ನು ಭಾರತದ ಸಾಲಿನಿಂದ ಹೊರಗೆ ತರುತ್ತದೆ. ಇಬ್ಬರ ಐ-485 ಅರ್ಜಿಗಳನ್ನೂ ಒಟ್ಟಿಗೆ ಸಲ್ಲಿಸಿ, ಮದುವೆಯ ದಾಖಲೆಯನ್ನೂ ಆಕೆಯ ಜನನ ಪ್ರಮಾಣಪತ್ರವನ್ನೂ ಮೇಲೆ ಕಾಣುವಂತೆ ಇಟ್ಟು, ಪತ್ನಿಯ ಜನ್ಮದೇಶದ ಲೆಕ್ಕ ಬೇಕೆಂದು ಮೊದಲ ಪುಟದಲ್ಲೇ ಸ್ಪಷ್ಟವಾಗಿ ಬರೆಯಬೇಕು. ಕೇಳದಿದ್ದರೆ ಕಚೇರಿ ತಾನಾಗಿ ಗಮನಿಸುತ್ತದೆಂದು ನಂಬಿ ಕೂರಬಾರದು. ಮಕ್ಕಳು ಹುಟ್ಟಿದ ದೇಶದಿಂದ ತಂದೆತಾಯಿಗೆ ಈ ಸೌಲಭ್ಯ ಸಿಗುವುದಿಲ್ಲ, ಆದ್ದರಿಂದ ಮಗ ಕೆನಡಾದಲ್ಲಿ ಹುಟ್ಟಿದ್ದಾನೆ ಎಂಬ ವಾದ ನಡೆಯದು. ಮದುವೆಯೂ ಆ ಎಂಜಿನಿಯರನ ಗ್ರೀನ್ ಕಾರ್ಡ್ ಮಂಜೂರಾಗುವ ಮೊದಲೇ ಆಗಿರಬೇಕು; ಆಮೇಲೆ ಆದದ್ದಾದರೆ ಪತ್ನಿಗೆ ಉಳಿಯುವುದು ಮೇಲೆ ಹೇಳಿದ ಎಫ್2ಎ ದಾರಿ.