ವಿಟಮಿನ್ ಸಿ ಮಾತ್ರೆಗೆ ಹೆಪ್ಪು ಹಾಕಿದ ಬ್ಯಾಕ್ಟೀರಿಯಾ

ಮೆಡಿಕಲ್ ಶಾಪಿನ ಕಿತ್ತಳೆ ಬಣ್ಣದ ವಿಟಮಿನ್ ಸಿ ಮಾತ್ರೆ ಬರುವುದು ಕಿತ್ತಳೆಯಿಂದಲೂ ಅಲ್ಲ, ನೆಲ್ಲಿಕಾಯಿಯಿಂದಲೂ ಅಲ್ಲ. ಅದರ ಮೂಲ ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟದಿಂದ ತೆಗೆದ ಗ್ಲೂಕೋಸ್. ಅದು ವಿಟಮಿನ್ ಆಗುವ ದಾರಿಯಲ್ಲಿ ಲೋಹಕ್ಕೂ ಕೆಲಸವಿದೆ, ಬ್ಯಾಕ್ಟೀರಿಯಾಕ್ಕೂ ಕೆಲಸವಿದೆ. ಯಾರ ಪಾಲು ಎಷ್ಟು ಎನ್ನುವುದು ಮಾತ್ರ ಬದಲಾಗುತ್ತಾ ಬಂದಿದೆ.

1933ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವಾಲ್ಟರ್ ಹಾವರ್ತ್ ತಂಡ ಮತ್ತು ಜ್ಯೂರಿಕ್‌ನ ಟಾಡ್ಯೂಸ್ ರೈಕ್‌ಸ್ಟೈನ್ ಪ್ರಯೋಗಾಲಯದಲ್ಲಿ ವಿಟಮಿನ್ ಸಿ ಮಾಡಿ ತೋರಿಸಿದರು. ಆದರೆ ಅದಕ್ಕೆ ಬೇಕಾದ ಸಕ್ಕರೆ ಸುಲಭಕ್ಕೆ ಸಿಗುವಂಥದ್ದಲ್ಲ. ಹಾಗಾಗಿ ರೈಕ್‌ಸ್ಟೈನ್ ಅಗ್ಗದ ಗ್ಲೂಕೋಸ್ ಹಿಡಿದರು. ಜಾಸ್ತಿ ಒತ್ತಡದಲ್ಲಿ ನಿಕ್ಕಲ್ ವೇಗವರ್ಧಕದ ಮೇಲೆ ಗ್ಲೂಕೋಸಿಗೆ ಹೈಡ್ರೋಜನ್ ಸೇರಿಸಿದರೆ ಸಾರ್ಬಿಟಾಲ್ ಸಿಗುತ್ತದೆ. ಎಣ್ಣೆಯನ್ನು ವನಸ್ಪತಿ ಮಾಡುವುದೂ ಇದೇ ನಿಕ್ಕಲ್.

ಕಷ್ಟ ಶುರುವಾಗುವುದು ಇಲ್ಲಿಂದ. ಸಾರ್ಬಿಟಾಲ್ ಅಣುವಿನಲ್ಲಿ ಒಂದೇ ಬಗೆಯ ಆರು ಗುಂಪುಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ ಬದಲಾಯಿಸಿ ಸಾರ್ಬೋಸ್ ಎಂಬ ಸಕ್ಕರೆ ಮಾಡಬೇಕು. ಸಾಮಾನ್ಯ ರಾಸಾಯನಿಕಕ್ಕೆ ಆ ಆರರಲ್ಲಿ ಬೇಕಾದ ಒಂದನ್ನು ಆರಿಸಿಕೊಳ್ಳುವುದು ಗೊತ್ತಾಗುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಗೊತ್ತು. 19ನೇ ಶತಮಾನದ ಕೊನೆಯಲ್ಲೇ ಫ್ರಾನ್ಸಿನ ಗೇಬ್ರಿಯಲ್ ಬರ್ಟ್ರಾಂಡ್ ಇದನ್ನು ಗಮನಿಸಿದ್ದರು. ಆ ಬ್ಯಾಕ್ಟೀರಿಯಾ ರೈಕ್‌ಸ್ಟೈನ್‌ಗೆ ಸಿಕ್ಕ ರೀತಿ ನನಗೆ ತುಂಬಾ ಇಷ್ಟ. ಅವರೇ ನೆನಪಿಸಿಕೊಂಡಂತೆ, ಸಾರ್ಬಿಟಾಲ್ ಬೆರೆಸಿದ ದ್ರಾವಣವನ್ನು ಲೋಟಗಳಲ್ಲಿ ಹೊರಗಿಟ್ಟರು. ಒಂದರಲ್ಲಿ ಹಣ್ಣಿನ ನೊಣ ಬಿದ್ದಿತ್ತು. ಅದರ ಕಾಲಿನ ಸುತ್ತ ಸಾರ್ಬೋಸ್ ಹರಳು ಕಟ್ಟಿತ್ತು! ಹೆಪ್ಪನ್ನು ನೊಣವೇ ತಂದು ಹಾಕಿತ್ತು.

ಈ ವಿಧಾನವನ್ನು ಸ್ವಿಸ್ ಕಂಪನಿ ಹಾಫ್‌ಮನ್-ಲಾ ರೋಶ್ ಕೊಂಡಿತು. 1934ರಲ್ಲಿ ರೆಡಾಕ್ಸಾನ್ ಹೆಸರಿನ ವಿಟಮಿನ್ ಸಿ ಮಾರುಕಟ್ಟೆಗೆ ಬಂತು.

ಸಾರ್ಬೋಸ್ ಆದಮೇಲಿನ ಕೆಲಸ ಮಾತ್ರ ಪೂರ್ತಿ ರಸಾಯನಶಾಸ್ತ್ರದ್ದೇ ಆಗಿತ್ತು, ದುಬಾರಿಯೂ ಆಗಿತ್ತು. ಅಣುವಿನ ಒಂದು ತುದಿಯನ್ನು ಮಾತ್ರ ಆಕ್ಸಿಡೀಕರಿಸಬೇಕು. ಉಳಿದ ಗುಂಪುಗಳಿಗೆ ಏನೂ ಆಗಬಾರದು. ಅದಕ್ಕೆ ಅಸಿಟೋನ್ ಸೇರಿಸಿ ಅವನ್ನು ಮುಚ್ಚುತ್ತಿದ್ದರು, ಕೆಲಸವಾದ ಮೇಲೆ ಮತ್ತೆ ಬಿಚ್ಚುತ್ತಿದ್ದರು. ದ್ರಾವಕ, ಆಮ್ಲ, ಕೊಳಕು ನೀರು ಎಲ್ಲಕ್ಕೂ ಖರ್ಚು.

ಇದನ್ನು ತಪ್ಪಿಸಿದವರು ಚೀನಾದ ಸೂಕ್ಷ್ಮಜೀವಿ ವಿಜ್ಞಾನಿಗಳು, 1970ರ ದಶಕದಲ್ಲಿ. ಅವರು ಎರಡನೇ ಸಲ ಹುದುಗಿಸಿದರು. ಸಾರ್ಬೋಸನ್ನು ನೇರವಾಗಿ ಕೀಟೋಗುಲೋನಿಕ್ ಆಮ್ಲ, ಅಂದರೆ ವಿಟಮಿನ್ ಸಿ ಆಗುವ ಮುಂಚಿನ ವಸ್ತು, ಮಾಡುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಆದರೆ ಅದು ಒಂಟಿಯಾಗಿ ಸರಿಯಾಗಿ ಬೆಳೆಯದು. ಜೊತೆಗೆ ಬ್ಯಾಸಿಲಸ್ ಮೆಗಾಟೀರಿಯಂ ಬೇಕು. ಹೀಗೆ ಎರಡನ್ನೂ ಒಂದೇ ತೊಟ್ಟಿಯಲ್ಲಿ ಸಾಕಿದರು. ಅಸಿಟೋನ್ ಗೊಡವೆಯೇ ಹೋಯಿತು. ಹಾವರ್ತ್‌ಗೆ 1937ರಲ್ಲಿ ನೊಬೆಲ್ ಬಂತು. ಈ ಜೋಡಿ ಬ್ಯಾಕ್ಟೀರಿಯಾದ ಹೆಸರು ಕೇಳಿದವರು ಕಡಿಮೆ. ಆದರೆ ಮಾತ್ರೆ ಇಷ್ಟು ಅಗ್ಗವಾಗಿದ್ದರಲ್ಲಿ ಅವುಗಳ ಪಾಲು ದೊಡ್ಡದು ಅಂತಲೇ ನನ್ನ ಅಭಿಪ್ರಾಯ. 1980ರ ದಶಕದಲ್ಲಿ ರೋಶ್ ಕೂಡ ಈ ವಿಧಾನದ ಲೈಸೆನ್ಸ್ ಪಡೆಯಿತು. ಈಗ ಜಗತ್ತಿನ ವಿಟಮಿನ್ ಸಿಯಲ್ಲಿ ಹೆಚ್ಚಿನದು ಚೀನಾದಿಂದಲೇ ಬರುತ್ತದೆ.

ಹಾಗಾದರೆ ನಿಕ್ಕಲ್ ಕೂಡ ಬೇಡ ಅನ್ನಬಹುದಲ್ವಾ? 1985ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನೂ ನೋಡಿದರು. ಒಂದು ಬ್ಯಾಕ್ಟೀರಿಯಾದ ಜೀನನ್ನು ಇನ್ನೊಂದರೊಳಗೆ ಸೇರಿಸಿ, ಗ್ಲೂಕೋಸಿನಿಂದ ನೇರವಾಗಿ ಕೀಟೋಗುಲೋನಿಕ್ ಆಮ್ಲ ತೆಗೆದರು. ಆದರೂ ದೊಡ್ಡ ಕಾರ್ಖಾನೆಗಳಲ್ಲಿ ಹಳೆಯ ಮೊದಲ ಹೆಜ್ಜೆ ಉಳಿದುಕೊಂಡಿದೆ. ಗ್ಲೂಕೋಸ್ ಮೊದಲು ಹೈಡ್ರೋಜನ್ ಜೊತೆ ಲೋಹದ ವೇಗವರ್ಧಕವನ್ನು ದಾಟಿಯೇ ಬ್ಯಾಕ್ಟೀರಿಯಾದ ತೊಟ್ಟಿಗೆ ಹೋಗುತ್ತದೆ.