ದೂರು ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ?

ಜರ್ಮನಿಗೆ ಸಿದ್ಧ ಉಡುಪು ರಫ್ತು ಮಾಡುವ ಬೆಂಗಳೂರಿನ ಕಾರ್ಖಾನೆಗಳಿಗೆ ಸಲಹೆ ನೀಡುವುದು ನನ್ನ ವೃತ್ತಿ. ಅಲ್ಲಿನ ಖರೀದಿದಾರರ ಪ್ರಶ್ನಾವಳಿಯಲ್ಲಿ ‘ಸಾಮಾಜಿಕ ಹೊಣೆಗಾರಿಕೆ’ ಎಂಬ ಮಾತು ಕಂಡೊಡನೆ ಮಾಲೀಕರು ನನ್ನ ಮುಂದೆ ತಂದಿಡುವುದು, ಶಾಲೆಗೆ ಕೊಟ್ಟ ಬೆಂಚು ಮತ್ತು ಊರಿಗೆ ಕೊರೆಸಿದ ಬೋರ್‌ವೆಲ್‌ಗಳ ಫೋಟೊ ಆಲ್ಬಮ್. ಆ ಕೆಲಸಗಳ ಬಗ್ಗೆ ನನಗೆ ಗೌರವವಿದೆ. ಆದರೆ ಜರ್ಮನಿಯವರು ಕೇಳುತ್ತಿರುವುದು ಬೇರೆಯೇ ಸಂಗತಿ ಎಂದು ಹೇಳಿ ಹೇಳಿ ದಣಿದಿದ್ದೇನೆ.

ಗೊಂದಲಕ್ಕೆ ಮೂಲ ‘ಶೇ 2’. ನಮ್ಮ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕು. ತನಗೆ ಸರಕು ಪೂರೈಸುವವರ ಕಡೆಯೂ ಮಾನವ ಹಕ್ಕುಗಳ ಉಲ್ಲಂಘನೆಯಾಗದಂತೆ ಕಂಪನಿ ನಿಗಾ ಇಡಬೇಕೆನ್ನುವ ಜರ್ಮನಿಯ ಪೂರೈಕೆ ಸರಪಳಿ ಕಾನೂನಿನಲ್ಲಿಯೂ ಶೇ 2 ಬರುತ್ತದೆ. ಅದು, ವಾರ್ಷಿಕ 40 ಕೋಟಿ ಯೂರೊಗಿಂತ ಹೆಚ್ಚು ವಹಿವಾಟಿರುವ ಕಂಪನಿ ಕೆಲವು ಕರ್ತವ್ಯಗಳಲ್ಲಿ ತಪ್ಪಿದಾಗ ಅದರ ಜಾಗತಿಕ ವಹಿವಾಟಿನ ಮೇಲೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ. ನಮ್ಮ ಕಾಯ್ದೆ ಗಳಿಸಿದ್ದನ್ನು ಎಲ್ಲಿ ಖರ್ಚು ಮಾಡಿದಿರಿ ಎಂದು ಕೇಳಿದರೆ, ಅವರ ಕಾನೂನು ಅದನ್ನು ಹೇಗೆ ಗಳಿಸಿದಿರಿ ಎಂದು ಕೇಳುತ್ತದೆ. ಎಷ್ಟು ಬೋರ್‌ವೆಲ್ ಕೊರೆಸಿದರೂ ಕೊಡದೆ ಉಳಿಸಿಕೊಂಡ ಓವರ್‌ಟೈಮ್ ಹಣಕ್ಕೆ ಅದು ಉತ್ತರವಾಗುವುದಿಲ್ಲ.

ಈ ಪ್ರಶ್ನೆಗೆ ಅಲ್ಲಿ ಹಳೆಯ ಬೇರುಗಳಿವೆ. ಯೇನಾ ನಗರದಲ್ಲಿ ಮಸೂರ, ಸೂಕ್ಷ್ಮದರ್ಶಕ ತಯಾರಿಸುತ್ತಿದ್ದ ಝೈಸ್ ಕಾರ್ಖಾನೆಯಲ್ಲಿ ಅದರ ಮುಖ್ಯಸ್ಥ ಅರ್ನ್ಸ್ಟ್ ಆಬೆ 1900ರಲ್ಲೇ 8 ಗಂಟೆಗಳ ದುಡಿಮೆಯನ್ನು ಜಾರಿಗೆ ತಂದಿದ್ದರು. ಆಸ್ತಿಯ ಜೊತೆಗೆ ಹೊಣೆಯೂ ಬರುತ್ತದೆ ಎಂದು ಜರ್ಮನಿಯ 1949ರ ಸಂವಿಧಾನದ 14ನೇ ವಿಧಿ ಹೇಳುತ್ತದೆ. ಆದರೆ ಬಹುಕಾಲ ಆ ಹೊಣೆ ದೇಶದ ಗಡಿ ದಾಟಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಮುಖ್ಯ ಖರೀದಿದಾರ ಅಗ್ಗದ ಉಡುಪು ಮಾರುವ ಜರ್ಮನಿಯ ಕಿಕ್ ಕಂಪನಿ. ದುರಂತಕ್ಕೆ ಕೆಲವೇ ವಾರಗಳ ಮೊದಲು ಕಾರ್ಖಾನೆಗೆ ಕಾರ್ಮಿಕರ ಸುರಕ್ಷತೆ, ಸ್ಥಿತಿಗತಿ ಸರಿಯಿದೆ ಎಂಬ ಪ್ರಮಾಣಪತ್ರವೂ ಸಿಕ್ಕಿತ್ತು. ಸಂತ್ರಸ್ತರು ಡಾರ್ಟ್‌ಮುಂಡ್ ನ್ಯಾಯಾಲಯದಲ್ಲಿ ಹೂಡಿದ ದಾವೆ, ಕಾಲಮಿತಿ ಮೀರಿದೆ ಎಂಬ ಕಾರಣಕ್ಕೆ 2019ರಲ್ಲಿ ವಜಾ ಆಯಿತು.

ಈ ನಡುವೆ, 2016ರಲ್ಲಿ, ಜರ್ಮನ್ ಸರ್ಕಾರ ವಿಷಯವನ್ನು ಕಂಪನಿಗಳ ಸ್ವಇಚ್ಛೆಗೆ ಬಿಟ್ಟಿತ್ತು: 500ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಅರ್ಧದಷ್ಟಾದರೂ 2020ರೊಳಗೆ ಮಾನವ ಹಕ್ಕುಗಳ ನಿಗಾ ವ್ಯವಸ್ಥೆ ಅಳವಡಿಸಿಕೊಳ್ಳಬೇಕಿತ್ತು. ಸಮೀಕ್ಷೆ ಮಾಡಿದಾಗ ಐದನೇ ಒಂದು ಭಾಗವೂ ಆ ಮಟ್ಟ ಮುಟ್ಟಿರಲಿಲ್ಲ. ಹೀಗಾಗಿ 2021ರಲ್ಲಿ ಕಾನೂನು ಬಂದು, 2023ರಿಂದ 3,000 ಮತ್ತು 2024ರಿಂದ 1,000 ನೌಕರರಿರುವ ಕಂಪನಿಗಳಿಗೆ ಅನ್ವಯಿಸಿತು. ಅದನ್ನು ಸಡಿಲಿಸುವ ಪ್ರಯತ್ನಗಳು ನಡೆದಿರುವುದರಿಂದ ಸದ್ಯದ ಸ್ಥಿತಿಯನ್ನು ವಕೀಲರಲ್ಲೇ ಖಚಿತಪಡಿಸಿಕೊಳ್ಳಬೇಕು. ಹೊಣೆ ನೇರವಾಗಿ ಜರ್ಮನ್ ಕಂಪನಿಯದು. ನಮ್ಮಲ್ಲಿಗೆ ಅದು ಖರೀದಿ ಒಪ್ಪಂದದ ಷರತ್ತಾಗಿ ಬರುತ್ತದೆ.

ಪೂರೈಕೆದಾರರ ಕಾರ್ಮಿಕರೂ ದೂರು ಕೊಡುವಂತಿರಬೇಕು, ಕೊಟ್ಟವರ ಗುರುತು ಗೋಪ್ಯವಾಗಿರಬೇಕು, ವಿಚಾರಿಸುವವರು ನಿಷ್ಪಕ್ಷಪಾತಿಗಳಾಗಿರಬೇಕು ಎನ್ನುತ್ತದೆ ಕಾನೂನು. ಒಂದು ಕಾರ್ಖಾನೆಯಲ್ಲಿ ಗೋಡೆಗೆ ಚೆಂದದ ದೂರು ಪೆಟ್ಟಿಗೆ ಇತ್ತು, ಒಳಗೆ ಒಂದೂ ಚೀಟಿ ಇರಲಿಲ್ಲ. ದೂರುಗಳೇ ಇಲ್ಲ ಎಂದು ಮಾಲೀಕರು ಮನಃಪೂರ್ವಕವಾಗಿ ನಂಬಿದ್ದರು. ಊಟದ ಹೊತ್ತಿನಲ್ಲಿ ಟೈಲರ್ ಒಬ್ಬಳು ನನ್ನ ಪಕ್ಕ ಕುಳಿತು, “ಅಕ್ಕಾ, ಅದರ ಕೀ ನಮ್ಮ ಸೂಪರ್‌ವೈಸರ್ ಹತ್ರಾನೇ ಇರೋದು” ಎಂದಳು. ಮಾಲೀಕರಿಗೆ ಹೇಳಿದಾಗ ಅವರು ವಾದಿಸಲಿಲ್ಲ, ಅದು ಅವರ ದೊಡ್ಡತನ. ಕೀಲಿ ಕಾರ್ಮಿಕರೇ ಆರಿಸಿದ ಇಬ್ಬರ ಕೈಗೆ ಹೋದ ವಾರದಲ್ಲೇ ಚೀಟಿಗಳು ಬಂದವು. ಹೆಚ್ಚಿನವು ಶೌಚಾಲಯಕ್ಕೆ ಹೋಗಲು ಟೋಕನ್ ಕೇಳುವುದನ್ನು ನಿಲ್ಲಿಸಿ ಎಂದು ಬರೆದವು.